ಖಾಲಿಯಾದ ಟ್ಯೂಬುಗಳ ಲೆಕ್ಕ

ಬಾತ್‌ರೂಮಿನ ಸಿಂಕಿನ ಕೆಳಗೆ ನಾನೊಂದು ಹಳೇ ಶೂ ಡಬ್ಬಿ ಇಟ್ಟಿದ್ದೇನೆ. ಕೊನೆಯ ಹನಿವರೆಗೂ ಹಿಂಡಿ ಮುಗಿಸಿದ ಟ್ಯೂಬು, ಬಾಟಲಿಗಳು ಮಾತ್ರ ಅದಕ್ಕೆ ಬೀಳುತ್ತವೆ. ಅರ್ಧಕ್ಕೇ ಬೇಸರ ಬಂದು ಬಿಟ್ಟದ್ದೆಲ್ಲ ಪಕ್ಕದ ಬಟ್ಟೆಚೀಲಕ್ಕೆ. ಎರಡು ವರ್ಷದಿಂದ ಇದೇ ಕ್ರಮ. ಸೌಂದರ್ಯದ, ಉಡುಪಿನ ಯಾವ ಟ್ರೆಂಡ್ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯಾರಾದರೂ ಕೇಳಿದರೆ ನಾನು ನೋಡುವುದು ಆ ಡಬ್ಬಿಯನ್ನೇ. ಚೀಲ ಮೂರು ಸಲ ತುಂಬಿದೆ, ಡಬ್ಬಿಯಲ್ಲಿ ಇನ್ನೂ ಜಾಗವಿದೆ.

ಈ ಲೆಕ್ಕ ಶುರುವಾದದ್ದು ಮುಖ ಸುಟ್ಟುಕೊಂಡ ಮೇಲೆ. ಆಗ ನಾನು ರೀಲ್ಸ್ ನೋಡಿ ಬೆಳಿಗ್ಗೆ ವಿಟಮಿನ್ ಸಿ, ರಾತ್ರಿ ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್, ಅದರ ಮೇಲೆ ಗ್ಲೈಕಾಲಿಕ್ ಟೋನರ್, ಅದರ ಮೇಲೆ ವಿಟಮಿನ್ ಎ ಬಳಗದ ರೆಟಿನಾಲ್, ಭಾನುವಾರ ಬಂತೆಂದರೆ ಸತ್ತ ಚರ್ಮ ಕಿತ್ತುಹಾಕುವ ರಕ್ತದ ಬಣ್ಣದ ಆಸಿಡ್ ಪೀಲ್, ಹೀಗೆ ಎಲ್ಲವನ್ನೂ ಒಟ್ಟಿಗೆ ಹಚ್ಚುತ್ತಿದ್ದೆ. ಮೂರನೇ ವಾರಕ್ಕೆ ಮುಖ ಫಳಫಳ ಹೊಳೆಯತೊಡಗಿತು. ಮಗಳು ಕೆನ್ನೆ ಮುಟ್ಟಿ, "ಅಮ್ಮಾ, ನಿಂಗೆ ಗ್ಲಾಸ್ ಸ್ಕಿನ್ ಬಂದೇಬಿಡ್ತಲ್ಲ!" ಅಂದಳು. ನನಗೂ ಹಿಗ್ಗು. ಮರುದಿನ ಬೆಳಿಗ್ಗೆ ಬರೀ ನೀರು ಎರಚಿಕೊಂಡರೂ ಮೂಗಿನ ಪಕ್ಕ, ಬಾಯಿಯ ಅಂಚಿನಲ್ಲಿ ಚುರುಚುರು. ದಿನಾ ಹಚ್ಚುವ ಕ್ರೀಮ್ ಹಚ್ಚಿದರೆ ಕಣ್ಣಲ್ಲಿ ನೀರು. ಆ ಹೊಳಪು ಆರೋಗ್ಯದ್ದಾಗಿರಲಿಲ್ಲ, ಬಿಗಿಯಾಗಿ ಎಳೆದುಕಟ್ಟಿದ ಪ್ಲಾಸ್ಟಿಕ್ ಹಾಳೆಯದಾಗಿತ್ತು.

ಚರ್ಮದ ಡಾಕ್ಟರು ಬೈಯಲಿಲ್ಲ, ಗೋಡೆಯ ಚಿತ್ರ ಬರೆದು ತೋರಿಸಿದರು. ಚರ್ಮದ ತೀರಾ ಮೇಲಿನ ಪದರದಲ್ಲಿ ಸತ್ತ ಕೋಶಗಳು ಇಟ್ಟಿಗೆಯಂತೆ, ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ಅವುಗಳ ನಡುವಿನ ಗಾರೆಯಂತೆ. ನಾನು ವಾರಗಟ್ಟಲೆ ಆ ಗಾರೆಯನ್ನೇ ಕೆರೆದು ಹಾಕಿದ್ದೆ. ಎಲ್ಲ ನಿಲ್ಲಿಸಿ, ಮೃದುವಾದ ಕ್ಲೆನ್ಸರ್, ಸುವಾಸನೆಯಿಲ್ಲದ ಕ್ರೀಮ್, ಹಗಲು ಸನ್‌ಸ್ಕ್ರೀನ್, ರಾತ್ರಿ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಇಷ್ಟೇ ಎಂದರು. ನನ್ನ ಮುಖ ಸರಿಹೋಗಲು ಐದು ವಾರ ಹಿಡಿಯಿತು. ಚರ್ಮದ ಹೊರಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಯಾವ ಸೀರಮ್ಮಾದರೂ 'ಮೂರೇ ದಿನದಲ್ಲಿ' ಎಂದರೆ ನನಗೆ ಈಗ ನಗು ಬರುತ್ತದೆ.

ಹೀಗೆ ರಾತ್ರಿ ಮುಖಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದಕ್ಕೆ ಈಗ ಸ್ಲಗ್ಗಿಂಗ್ ಎಂಬ ಹೆಸರು. ವ್ಯಾಸಲೀನ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1872ರಲ್ಲಿ, ಹೆಸರಷ್ಟೇ ಹೊಸದು. ಚರ್ಮದಿಂದ ನೀರು ಆವಿಯಾಗುವುದನ್ನು ಅದರಷ್ಟು ಚೆನ್ನಾಗಿ ತಡೆಯುವ ವಸ್ತು ಕಡಿಮೆ. ಆ ಟ್ಯೂಬು ಮುಗಿದು ಡಬ್ಬಿಗೆ ಬಿತ್ತು. ಆದರೆ ಈಗ ಹಚ್ಚುವುದು ಒಣಹವೆಯ ದಿನಗಳಲ್ಲಿ, ತುಟಿಗೆ, ಮೂಗಿನ ಅಂಚಿಗೆ. ಆಸಿಡ್ ಅಥವಾ ರೆಟಿನಾಲ್ ಹಚ್ಚಿದ ರಾತ್ರಿ ಅದರ ಮೇಲೆ ಮೆತ್ತುವುದಿಲ್ಲ. ಮುಚ್ಚಳ ಹಾಕಿದಂತಾಗಿ ಉರಿ ಹೆಚ್ಚುತ್ತದೆ, ಒಂದು ಸಲ ಮಾಡಿ ನೋಡಿದ್ದು ಸಾಕು.

ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಹೊಸ ವಸ್ತು. ಮೊದಲು ಮೊಣಕೈ ಒಳಮಡಿಕೆಗೆ ಒಂದು ವಾರ, ಆಮೇಲೆ ಮುಖಕ್ಕೆ ಆರು ವಾರ. ಎರಡನ್ನು ಒಟ್ಟಿಗೆ ಶುರುಮಾಡಿ ಮುಖ ಕೆಂಪಾದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ.

ಡಬ್ಬಿಯಲ್ಲಿ ಅತಿ ಹೆಚ್ಚು ಇರುವುದು ಸನ್‌ಸ್ಕ್ರೀನ್ ಟ್ಯೂಬುಗಳು. ಮೊದಲು ಹಾಗಿರಲಿಲ್ಲ. 'ನಾನು ದಿನಾ ಹಚ್ಚುತ್ತೇನೆ, ಆದರೂ ಬಂಗು ಹೋಗುತ್ತಿಲ್ಲ' ಎಂದು ಗೊಣಗುತ್ತಿದ್ದವಳು ನಾನು. ಒಂದು ದಿನ ಟ್ಯೂಬಿನ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿಟ್ಟೆ. 50 ಗ್ರಾಂ ಟ್ಯೂಬು ಆರು ತಿಂಗಳು ಬಂತು. ಕೂತು ಗುಣಿಸಿದೆ. ಎಸ್‌ಪಿಎಫ್, ಅಂದರೆ ಸನ್‌ಸ್ಕ್ರೀನ್ ಎಷ್ಟು ಕಾಯುತ್ತದೆಂಬ ಅಂಕಿ, ಅಳೆಯುವಾಗ ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖ ಸುಮಾರು 500ರಿಂದ 600 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೂ ಒಂದು ಸಲಕ್ಕೆ ಒಂದು ಗ್ರಾಮಿಗಿಂತ ಕಡಿಮೆ ಬೇಡ. ಅಂದರೆ ದಿನಕ್ಕೊಮ್ಮೆ ಮುಖಕ್ಕೆ ಮಾತ್ರ ಹಚ್ಚಿದರೂ ಆ ಟ್ಯೂಬು ಒಂದೂವರೆ ತಿಂಗಳಲ್ಲಿ ಮುಗಿಯಬೇಕಿತ್ತು. ನಾನು ಹಚ್ಚುತ್ತಿದ್ದದ್ದು ಕಾಲುಭಾಗ! ಎಸ್‌ಪಿಎಫ್ 30 ಬಿಸಿಲಿನ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಶೇ. 97ರಷ್ಟನ್ನು ತಡೆಯುತ್ತದೆ, 50 ಆದರೆ ಶೇ. 98. ಆ ಒಂದು ಅಂಶಕ್ಕಾಗಿ ತಲೆಕೆಡಿಸಿಕೊಂಡು ಲೇಬಲ್ ಓದುತ್ತಿದ್ದವಳು ಪ್ರಮಾಣದ ಕಡೆ ನೋಡಿಯೇ ಇರಲಿಲ್ಲ.

ಹಾಗಾಗಿ 'ಎರಡು ಬೆರಳಿನ ಲೆಕ್ಕ' ಎಂಬ ಟ್ರೆಂಡನ್ನು ನಾನು ಕಣ್ಣುಮುಚ್ಚಿ ಒಪ್ಪಿಕೊಂಡೆ: ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಮುಖಕ್ಕೆ ಮತ್ತು ಕತ್ತಿಗೆ. ಒಮ್ಮೆಲೇ ಹಚ್ಚಿದರೆ ಬಿಳಿ ಬಳಿದಂತೆ ಕಾಣುತ್ತದೆ. ಮೊದಲು ಒಂದು ಗೆರೆ, ಹಲ್ಲುಜ್ಜುವಷ್ಟು ಹೊತ್ತು ಬಿಟ್ಟು ಇನ್ನೊಂದು. ಕಿವಿಯ ಮೇಲ್ಭಾಗ ಮರೆಯುವ ಜಾಗ. ಹೊರಗೆ ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಣ್ಣವಿರುವ ಟಿಂಟೆಡ್ ಸನ್‌ಸ್ಕ್ರೀನನ್ನೂ ಉಳಿಸಿಕೊಂಡೆ. ಬಂಗು ಕಪ್ಪಾಗಲು ಕಣ್ಣಿಗೆ ಕಾಣುವ ಬೆಳಕೂ ಕಾರಣ, ಅದನ್ನು ತಡೆಯುವುದು ಆ ಬಣ್ಣಕ್ಕೆ ಬೆರೆಸುವ ಐರನ್ ಆಕ್ಸೈಡ್. ನನ್ನ ಕೆನ್ನೆಯ ಬಂಗು ಮಾಯವಾಗಿಲ್ಲ, ಹರಡುವುದನ್ನು ನಿಲ್ಲಿಸಿದೆ. ಅಷ್ಟಕ್ಕೇ ನನಗೆ ಸಮಾಧಾನ.

ರೆಟಿನಾಲ್ ಮತ್ತೆ ಶುರುಮಾಡಲು ಧೈರ್ಯ ಬರಲು ಎಂಟು ತಿಂಗಳು ಬೇಕಾಯಿತು. ಇದರ ಬಲವಾದ ಅಣ್ಣ ಟ್ರೆಟಿನಾಯಿನ್‌ಗೆ 1971ರಲ್ಲೇ ಅಮೆರಿಕದಲ್ಲಿ ಮೊಡವೆಗೆಂದು ಒಪ್ಪಿಗೆ ಸಿಕ್ಕಿತ್ತು, ಸುಕ್ಕಿಗೂ ಆಗುತ್ತದೆಂದು ತಿಳಿದದ್ದು ಆಮೇಲೆ. ಇಷ್ಟು ವರ್ಷ ಪರೀಕ್ಷೆಗೆ ನಿಂತದ್ದನ್ನು ಟ್ರೆಂಡ್ ಎನ್ನಲು ಮನಸ್ಸಿಲ್ಲ. ಬಟಾಣಿ ಕಾಳಿನಷ್ಟು, ಒಣಗಿದ ಮುಖಕ್ಕೆ, ಕ್ರೀಮಿನ ಮೇಲೆ, ವಾರಕ್ಕೆ ಎರಡೇ ರಾತ್ರಿ. ಒಂದು ರಾತ್ರಿ ಆಸಿಡ್, ಒಂದು ರಾತ್ರಿ ರೆಟಿನಾಲ್, ಎರಡು ರಾತ್ರಿ ವಿಶ್ರಾಂತಿ ಎಂಬ 'ಸ್ಕಿನ್ ಸೈಕ್ಲಿಂಗ್' ಸುತ್ತಿನಲ್ಲಿ ನಾನು ಆಸಿಡ್ ರಾತ್ರಿಯನ್ನು ಹತ್ತು ದಿನಕ್ಕೊಮ್ಮೆ ಮಾಡಿದೆ, ವಿಶ್ರಾಂತಿಯನ್ನು ಮಾತ್ರ ಕಡಿಮೆ ಮಾಡಲಿಲ್ಲ. ತಂಗಿ ಬಸುರಿ ಎಂದು ತಿಳಿದ ದಿನವೇ ನಾನು ಕೊಟ್ಟಿದ್ದ ರೆಟಿನಾಲ್ ಬಾಟಲಿಯನ್ನು ವಾಪಸು ತಂದೆ. ಬಸಿರಲ್ಲಿ ಅದು ಬೇಡವೇ ಬೇಡ.

ಚೀಲದ ಕಡೆ ಬಂದರೆ: ವಿಟಮಿನ್ ಸಿ ಸೀರಮ್ಮುಗಳು ಮೂರು, ಮೂರೂ ಮುಗಿಯುವ ಮೊದಲೇ ಗಾಳಿ ತಾಗಿ ಕಂದುಬಣ್ಣಕ್ಕೆ ತಿರುಗಿದವು. ವಸ್ತು ಒಳ್ಳೆಯದೇ, ನನ್ನ ಸೋಮಾರಿತನಕ್ಕೆ ಹೊಂದುವುದಿಲ್ಲ. ಮುಖಕ್ಕೆ ಉಜ್ಜುವ ಕಲ್ಲಿನ ರೋಲರ್ ತಣ್ಣಗಿತ್ತು, ಅಷ್ಟೇ. ಮನೆಯಲ್ಲೇ ಚುಚ್ಚಿಕೊಳ್ಳುವ ಸೂಜಿಯ ರೋಲರನ್ನು ಬಳಸದೆ ಎಸೆದೆ. ಕೆಂಪು ಬೆಳಕಿನ ಮುಖವಾಡದ ಹಿಂದೆ ಒಂದಿಷ್ಟು ಅಧ್ಯಯನವಿದೆ ನಿಜ, ಆದರೆ ವಾರದಲ್ಲಿ ಹಲವು ದಿನ, ತಿಂಗಳುಗಟ್ಟಲೆ ಹಾಕಿಕೊಂಡು ಕೂರಬೇಕು. ನನ್ನದು ಮೊಳೆಗೆ ನೇತಾಡುತ್ತಾ ಮಗಳ ಗೆಳತಿಯರನ್ನು ಹೆದರಿಸುತ್ತಿದೆ.

ಜೆಲ್ ನೈಲ್, ಅಂದರೆ ದೀಪದ ಬೆಳಕಿನಡಿ ಗಟ್ಟಿಯಾಗುವ ಉಗುರುಬಣ್ಣ, ಅದರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಮನೆಯಲ್ಲೇ ಹಚ್ಚಿಕೊಳ್ಳುವ ಕಿಟ್ ತಂದು ನಾಲ್ಕು ತಿಂಗಳು ಖುಷಿಯಾಗಿದ್ದೆ. ಐದನೇ ತಿಂಗಳು ಉಗುರಿನ ಸುತ್ತ ತುರಿಕೆ, ಬೆರಳ ತುದಿಯ ಚರ್ಮ ಬಿರುಕು. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದರೆ ಅದರಲ್ಲಿರುವ ಅಕ್ರಿಲೇಟಿಗೆ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ, ಹಲ್ಲಿಗೆ ತುಂಬುವ ಕೆಲವು ಪದಾರ್ಥಗಳಲ್ಲೂ ಅದೇ ಬಳಗದ ರಾಸಾಯನಿಕ ಇರುತ್ತದೆ. ಜೆಲ್ ಬೆಳಕಿಗೆ ಗಟ್ಟಿಯಾಗಲೆಂದು ಕೆಲವದರಲ್ಲಿ ಬೆರೆಸುತ್ತಿದ್ದ ಟಿಪಿಒ ಎಂಬ ಇನ್ನೊಂದು ವಸ್ತುವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಈಗ ನನ್ನ ಉಗುರು ಗಿಡ್ಡ, ಬರಿದು. ಟೈಪ್ ಮಾಡಲೂ ಹಾಯೆನಿಸುತ್ತದೆ.

ಬಟ್ಟೆಗೆ ಡಬ್ಬಿಯ ಉಪಾಯ ನಡೆಯುವುದಿಲ್ಲ, ಬಟ್ಟೆ ಖಾಲಿಯಾಗುವುದಿಲ್ಲವಲ್ಲ. ಅಲ್ಲಿ ಹ್ಯಾಂಗರ್ ತಿರುಗಿಸಿದೆ. ವರ್ಷದ ಮೊದಲ ದಿನ ಬೀರುವಿನ ಎಲ್ಲ ಹ್ಯಾಂಗರುಗಳನ್ನೂ ಹಿಂದುಮುಂದಾಗಿ ಸಿಕ್ಕಿಸಿ, ಉಟ್ಟು ಒಗೆದದ್ದನ್ನು ಮಾತ್ರ ಸರಿದಿಕ್ಕಿಗೆ ಹಾಕುತ್ತಾ ಬಂದೆ. ವರ್ಷದ ಕೊನೆಗೆ 64ರಲ್ಲಿ 23 ಹ್ಯಾಂಗರ್ ಹಾಗೇ ಇದ್ದವು. ಅವುಗಳಲ್ಲಿ ಒಂಬತ್ತು, 'ಸದ್ದಿಲ್ಲದ ಶ್ರೀಮಂತಿಕೆ' (ಕ್ವಯಟ್ ಲಕ್ಸುರಿ) ಎಂಬ, ಸರಳವಾಗಿದ್ದೂ ದುಬಾರಿಯಾಗಿ ಕಾಣುವ ಉಡುಪಿನ ಟ್ರೆಂಡ್ ಹಿಂದೆ ಬಿದ್ದು ತಂದ ಮಣ್ಣುಬಣ್ಣದ ಬಟ್ಟೆಗಳು. ಅವನ್ನು ತೊಟ್ಟರೆ ನಾನು ಗೋಡೆಯ ಜೊತೆ ಬೆರೆತುಹೋಗುತ್ತಿದ್ದೆ. ಕೆಲವೇ ಬಟ್ಟೆಗಳನ್ನು ಅದಲುಬದಲು ಮಾಡಿ ತೊಡುವ ಯೋಚನೆ ಅಮೆರಿಕದ ವಸ್ತ್ರವಿನ್ಯಾಸಕಿ ಡೊನ್ನಾ ಕರನ್ 1985ರಲ್ಲಿ ಏಳು ಉಡುಪುಗಳ ಸಂಗ್ರಹ ತಂದಾಗಿನಿಂದಲೂ ಮತ್ತೆ ಮತ್ತೆ ಬರುತ್ತಿದೆ. ಯೋಚನೆ ಸರಿ, ಬಣ್ಣ ನನ್ನದಾಗಿರಬೇಕು ಅಷ್ಟೇ. ಕಿಟಕಿಯ ಬೆಳಕಲ್ಲಿ ಬಟ್ಟೆಯನ್ನು ಕತ್ತಿನ ಕೆಳಗೆ ಹಿಡಿದು ಮೊದಲು ಕಾಣುವುದು ಮುಖವೋ ಬಟ್ಟೆಯೋ ಎಂದು ನೋಡುವುದನ್ನು ಕಲಿತೆ.

ಅಗಲ ಕಾಲಿನ ಪ್ಯಾಂಟಿನ ಹ್ಯಾಂಗರ್ ಮಾತ್ರ ಮೊದಲ ವಾರವೇ ತಿರುಗಿತು. ನೆಲದ ಮೇಲೆ ಕೂರಬಹುದು, ಮೆಟ್ಟಿಲು ಹತ್ತಬಹುದು, ಜೇಬಿದೆ. ದಿನಾ ಹಾಕುವ ಚಪ್ಪಲಿ ತೊಟ್ಟೇ ಟೈಲರ್ ಮುಂದೆ ನಿಂತು ಉದ್ದ ಅಳೆಸಬೇಕು. ಇಲ್ಲದಿದ್ದರೆ ನೆಲ ಗುಡಿಸಿಕೊಂಡು ಬರುತ್ತೀರಿ.

ತಿರುಗದ 23ರಲ್ಲಿ 22ನ್ನು ಕೊಟ್ಟುಬಿಟ್ಟೆ. ಉಳಿದದ್ದು ಹಸಿರು ರೇಷ್ಮೆಯ ಒಂದು ಮೇಲಂಗಿ. ಎರಡನೇ ವರ್ಷವೂ ತಿರುಗಿಲ್ಲ. "ಅಮ್ಮಾ, ನಿನ್ನ ರೂಲ್ ಪ್ರಕಾರ ಅದೂ ಹೋಗ್ಬೇಕು" ಎಂದು ಮಗಳು ಬೀರು ತೆರೆದಾಗಲೆಲ್ಲ ನೆನಪಿಸುತ್ತಾಳೆ. "ಮುಂದಿನ ತಿಂಗಳು ಹಾಕ್ಕೋತೀನಿ ಕಣೇ" ಎಂದು ಬಾಗಿಲು ಮುಚ್ಚುತ್ತೇನೆ.