ಹೆಡ್ ಕೋಚ್ ಪಕ್ಕದ ಕುರ್ಚಿ

ಬಾಸ್ಕೆಟ್‌ಬಾಲ್‌ನಲ್ಲಿ ಒಂದು ನಿಯಮ ಇದೆ. ಆಟ ನಡೆಯುವಾಗ ಹೆಡ್ ಕೋಚ್, ಫಸ್ಟ್ ಅಸಿಸ್ಟೆಂಟ್ ಕೋಚ್ ಇಬ್ಬರಲ್ಲಿ ಒಬ್ಬರು ಮಾತ್ರ ಎದ್ದು ನಿಂತಿರಬಹುದು. ನಮ್ಮ ಹೆಡ್ ಕೋಚ್ ಸರ್ ಅಂತೂ ಕೂರುವ ಪೈಕಿಯೇ ಅಲ್ಲ. ಹಾಗಾಗಿ ಬೆಂಗಳೂರಿನ ಒಂದು ಕಾಲೇಜಿನ ಹುಡುಗಿಯರ ತಂಡದ ಜೊತೆ ಇಪ್ಪತ್ತು ವರ್ಷಕ್ಕೂ ಜಾಸ್ತಿ, ಅವರ ಅಸಿಸ್ಟೆಂಟ್ ಆದ ನಾನು ಕೂತೇ ಆಟ ನೋಡಿದ್ದೇನೆ.

ಕೂತವರಿಗೆ ಕಾಣುವುದೇ ಬೇರೆ. ಸರ್ ಕಣ್ಣು ಯಾವಾಗಲೂ ಬಾಲ್ ಮೇಲೆ. ನಾನು ಬಾಲ್ ಇಲ್ಲದ ಕಡೆ ನೋಡುತ್ತೇನೆ. ಶಾಟ್ ಹೋದ ತಕ್ಷಣ ಯಾರು ಬಾಕ್ಸ್‌ಔಟ್ ಮಾಡಿದರು (ಅಂದರೆ ಬೆನ್ನು ಅಡ್ಡ ಕೊಟ್ಟು ಎದುರಾಳಿಯನ್ನು ರಿಂಗ್ ಹತ್ತಿರ ಬಿಡದೆ ತಡೆದರು), ಯಾರು ಸುಮ್ನೆ ನಿಂತು ಬಾಲ್ ನೋಡಿದರು, ಡಿಫೆನ್ಸ್‌ಗೆ ಯಾರು ಕೊನೆಗೆ ಓಡಿ ಬಂದರು ಅಂತ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಹೋಗುತ್ತೇನೆ. ಫೌಲ್ ಲೆಕ್ಕವೂ ನನ್ನದೇ. ಐದು ಫೌಲ್ ಆದರೆ ಆಟಗಾರ್ತಿ ಹೊರಗೆ. ಒಂದೊಂದು ಕ್ವಾರ್ಟರ್‌ನಲ್ಲೂ ತಂಡಕ್ಕೆ ನಾಲ್ಕು ಫೌಲ್ ತುಂಬಿದ ಮೇಲೆ, ಡಿಫೆನ್ಸ್‌ನಲ್ಲಿ ಮಾಡಿದ ಪ್ರತಿ ಫೌಲ್‌ಗೂ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಎಸೆತ. ಆಟದ ಬಿಸಿಯಲ್ಲಿ ಇದನ್ನು ಮರೆಯುವ ಕೋಚ್‌ಗಳು ಬೇಕಾದಷ್ಟು ಜನ.

ಟೈಮ್‌ಔಟ್ ಅಂದರೆ ಒಂದೇ ನಿಮಿಷ. ಹುಡುಗಿಯರು ಬಂದು ಕೂತು ನೀರು ಕುಡಿಯುವಷ್ಟರಲ್ಲಿ ನಾನು ಸರ್ ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು. "ಸರ್, ಅವರ ಎತ್ತರದ ಹುಡುಗಿ ಬಲಕ್ಕೆ ಮಾತ್ರ ತಿರುಗ್ತಾಳೆ, ಎಡಕ್ಕೆ ಬರಲ್ಲ." ಇಷ್ಟೇ. ಎರಡನೇ ವಿಷಯ ಹೇಳಿದರೆ ಮೊದಲನೆಯದೂ ಸರ್ ತಲೆಯಲ್ಲಿ ನಿಲ್ಲುವುದಿಲ್ಲ.

ನಾನು ಈ ಕೆಲಸಕ್ಕೆ ಬಂದಾಗ ಹುಡುಗಿಯರೂ ಹುಡುಗರ ದೊಡ್ಡ ಬಾಲ್‌ನಲ್ಲೇ ಆಡುತ್ತಿದ್ದರು. 2004ರಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಮಹಿಳೆಯರಿಗೆ ಚಿಕ್ಕದಾದ 6ನೇ ಸೈಜಿನ ಬಾಲ್ ತಂದಿತು. ಬೆರಳಿಗೆ ಹಿಡಿತ ಸಿಕ್ಕಿತು, ಡ್ರಿಬ್ಲಿಂಗ್ ಚುರುಕಾಯಿತು. ಅಬ್ಬಾ ಅನ್ನುವಷ್ಟರಲ್ಲಿ 2010ರಲ್ಲಿ ತ್ರೀ ಪಾಯಿಂಟ್ ಗೆರೆ 6.25 ಮೀಟರ್‌ನಿಂದ 6.75 ಮೀಟರ್‌ಗೆ ಹಿಂದೆ ಹೋಯಿತು. ಬರೀ ಅರ್ಧ ಮೀಟರ್, ಅಲ್ವಾ? ಆದರೆ ತೋಳಿನ ಬಲದಲ್ಲೇ ಎಸೆಯುತ್ತಿದ್ದವರ ಬಾಲ್ ರಿಂಗ್ ಮುಟ್ಟುವ ಮೊದಲೇ ಕೆಳಗೆ ಬೀಳತೊಡಗಿತು. ಮಂಡಿ ಬಗ್ಗಿಸಿ ಕಾಲಿನಿಂದ ಶಕ್ತಿ ತರುವುದನ್ನು ಮೊದಲಿನಿಂದ ಕಲಿಸಿದೆವು. ಗೆರೆಯಿಂದ ಅಲ್ಲ, ರಿಂಗ್ ಹತ್ತಿರದಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಹಿಂದಕ್ಕೆ.

ಮಂಡಿ ಅಂದ ಮೇಲೆ ಎಸಿಎಲ್ ಬಗ್ಗೆ ಹೇಳಲೇಬೇಕು. ಮಂಡಿಯೊಳಗಿನ ಈ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಅದೂ ಎಷ್ಟೋ ಸಲ ಯಾರೂ ಡಿಕ್ಕಿ ಹೊಡೆಯದೇನೇ. ಹಾರಿ ಇಳಿಯುವಾಗಲೋ, ಓಡುತ್ತಾ ತಟ್ಟನೆ ತಿರುಗುವಾಗಲೋ ಮಂಡಿ ಒಳಕ್ಕೆ ವಾಲುತ್ತದೆ, ಅಷ್ಟೇ. ಆಪರೇಷನ್ ಆದರೆ ಒಂದು ಸೀಸನ್ ಹೋದ ಹಾಗೆ. ಡಿಗ್ರಿ ಇರುವುದೇ ಮೂರು ವರ್ಷ. ಅದಕ್ಕೇ ನಮ್ಮಲ್ಲಿ ಪ್ರಾಕ್ಟೀಸ್ ಶುರುವಾಗುವುದು ಬಾಲ್ ಇಲ್ಲದೆ. ಚಿಕ್ಕ ಸ್ಟೂಲ್ ಮೇಲಿಂದ ಕೆಳಗೆ ಹಾರಿ, ಎರಡೂ ಪಾದ ಒಟ್ಟಿಗೆ ಊರಿ, ಸದ್ದಾಗದ ಹಾಗೆ ಇಳಿಯಬೇಕು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಮಂಡಿಗಳನ್ನಷ್ಟೇ ನೋಡುತ್ತೇನೆ. ಎರಡು ಮಂಡಿ ಒಂದಕ್ಕೊಂದು ಹತ್ತಿರ ಬಂದರೆ ಮತ್ತೆ ಸ್ಟೂಲ್ ಹತ್ತಬೇಕು. "ಮೇಡಂ, ನಾವೇನು ಕಪ್ಪೆಗಳಾ?" ಅಂತ ಹೊಸ ಹುಡುಗಿಯರು ಗೊಣಗುತ್ತಾರೆ. ಗೊಣಗಲಿ ಬಿಡಿ.

ಕೋರ್ಟ್‌ನಲ್ಲಿ ಮೇಡಂ. ಇಂಟರ್ ಯೂನಿವರ್ಸಿಟಿಗೆ ರೈಲು ಹತ್ತಿದರೆ ನಾನು ಅಕ್ಕ. ಸರ್‌ಗೆ ಹೇಳದ್ದೆಲ್ಲ ಅಲ್ಲಿ ನನ್ನ ಕಿವಿಗೆ ಬೀಳುತ್ತದೆ. ಮುಟ್ಟಿನ ನೋವು, ಮನೆಯಲ್ಲಿ ನಡೆಯುತ್ತಿರುವ ಮದುವೆ ಮಾತು, "ನನ್ನನ್ನ ಯಾಕೆ ಆಡಿಸಲ್ಲ" ಅನ್ನೋ ಸಿಟ್ಟು. "ಸರ್‌ಗೆ ಹೇಳ್ಬೇಡಿ ಅಕ್ಕಾ" ಅಂತ ಕೊನೆಗೊಂದು ಮಾತು ಇದ್ದೇ ಇರುತ್ತದೆ. ಮನೆ ವಿಷಯ ನನ್ನ ಹತ್ತಿರವೇ ಉಳಿಯುತ್ತದೆ. ಆದರೆ ಗಾಯ ಮುಚ್ಚಿಟ್ಟು ಆಡುತ್ತೇನೆ ಅಂದರೆ, ಅವಳ ಎದುರೇ ಸರ್‌ಗೆ ಹೇಳುತ್ತೇನೆ. ಒಂದೆರಡು ದಿನ ಮುಖ ಊದಿಸಿಕೊಂಡು ಓಡಾಡುತ್ತಾರೆ.

"ನೀನು ಹೆಡ್ ಕೋಚ್ ಆಗೋದು ಯಾವಾಗ?" ಅಂತ ಮದುವೆ ಮುಂಜಿಗಳಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಅಮೆರಿಕದ ಕನೆಕ್ಟಿಕಟ್ ಯೂನಿವರ್ಸಿಟಿಯ ಮಹಿಳಾ ಬಾಸ್ಕೆಟ್‌ಬಾಲ್ ತಂಡದಲ್ಲಿ ಕ್ರಿಸ್ ಡೈಲಿ ಅಂತ ಒಬ್ಬರಿದ್ದಾರೆ. 1985ರಲ್ಲಿ ಜೀನೊ ಆರಿಯೆಮ್ಮಾ ಅಲ್ಲಿಗೆ ಹೆಡ್ ಕೋಚ್ ಆಗಿ ಬಂದಾಗಿನಿಂದ ಅವರ ಪಕ್ಕದಲ್ಲೇ ಇದ್ದಾರೆ. 2025ರದ್ದೂ ಸೇರಿ ಹನ್ನೆರಡು ರಾಷ್ಟ್ರೀಯ ಚಾಂಪಿಯನ್‌ಶಿಪ್. ಅಲ್ಲಿ ಅದು ಪೂರ್ತಿ ಸಂಬಳದ ನೌಕರಿ ಅನ್ನೋದು ಬೇರೆ ಮಾತು. ನನಗೆ ಸಿಗುವುದು ಗೌರವಧನ. ಹೊಟ್ಟೆಪಾಡಿಗೆ ಹಗಲು ಒಂದು ಸ್ಕೂಲಿನಲ್ಲಿ ಪಿಟಿ ಟೀಚರ್. ಆದರೂ ಹೆಡ್ ಕೋಚ್ ಕೆಲಸ ನನಗೆ ಬೇಡ. ಮ್ಯಾನೇಜ್‌ಮೆಂಟ್ ಮೀಟಿಂಗು, ಪ್ರೆಸ್ಸು, ಸೆಲೆಕ್ಷನ್ ಜಗಳ ಎಲ್ಲ ಸರ್ ತಲೆಗೆ. ನನಗೆ ಹುಡುಗಿಯರ ಜೊತೆ ಕೋರ್ಟ್‌ನಲ್ಲಿ ಇರುವುದೇ ಇಷ್ಟ.

ಈ ದಾರಿಗೆ ಬರಬೇಕು ಅಂತಿರುವವರು ಕೈಯಲ್ಲಿ ಇನ್ನೊಂದು ಕೆಲಸ ಇಟ್ಟುಕೊಳ್ಳಿ. ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ನಡೆಸುವ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿ. ಅದಕ್ಕೂ ಮೊದಲು ಟೇಬಲ್‌ನಲ್ಲಿ ಕೂತು ಸ್ಕೋರ್‌ಶೀಟ್ ಬರೆಯುವುದನ್ನು ಕಲಿಯಿರಿ. ಲೋಕಲ್ ಟೂರ್ನಮೆಂಟ್‌ಗಳಲ್ಲಿ ಬರೆಯುವವರು ಸಿಗದೆ ಪರದಾಡುತ್ತಿರುತ್ತಾರೆ. ಹೋಗಿ ಕೇಳಿದರೆ ಬೇಡ ಅನ್ನುವುದಿಲ್ಲ.