ಮೊದಲ ಸಲದ ಕಥೆಗಳನ್ನು ಕಾಮಿಕ್ಸ್ ಮಾಡಿದ್ದು: ನನ್ನ ಅನುಭವ

ಜನ ಹೇಳಿದ ಮೊದಲ ಲೈಂಗಿಕ ಅನುಭವಗಳ ನನ್ನ ಕಾಮಿಕ್ಸ್ ಪುಸ್ತಕದ 500 ಪ್ರತಿ ಹೆಚ್ಚುಕಡಿಮೆ ಎಂಟು ತಿಂಗಳಲ್ಲಿ ಖಾಲಿಯಾಯಿತು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಶುರುವಿನಲ್ಲಿ ನಂಬಿದವರು ಯಾರೂ ಇರಲಿಲ್ಲ. "ಕನ್ನಡದಲ್ಲಿ ಇದನ್ನೆಲ್ಲ ಯಾರು ಬಾಯಿಬಿಟ್ಟು ಹೇಳ್ತಾರೆ?" ಅಂದವರು ಕೆಲವರು. "ಹೇಳಿದ್ರೂ ದುಡ್ಡು ಕೊಟ್ಟು ಯಾರು ತಗೋತಾರೆ?" ಅಂದವರು ಜಾಸ್ತಿ. ಹಿಂದಿ, ಇಂಗ್ಲಿಷ್‌ನಲ್ಲಿ ಮುಂಬೈನ ಲೈಂಗಿಕ ಶಿಕ್ಷಣದ ವೆಬ್‌ಸೈಟ್ ಏಜೆಂಟ್ಸ್ ಆಫ್ ಇಶ್ಕ್‌ನವರು 2015ರಿಂದ ಜನರ ಸ್ವಂತ ಅನುಭವಗಳನ್ನು ಹಾಕುತ್ತಿದ್ದಾರಲ್ಲ ಎಂದರೆ, "ಅದು ಮುಂಬೈನೋರಿಗೆ ಸರಿ ಬಿಡಿ" ಎನ್ನುತ್ತಿದ್ದರು. ನಮ್ಮದೇ ಚಿತ್ರಕಾರರ ಗುಂಪಿನ ಹಿರಿಯರೊಬ್ಬರು ತೀರ್ಪೇ ಕೊಟ್ಟರು: "ಒಂದೋ ಬಸ್‌ಸ್ಟ್ಯಾಂಡ್ ಪುಸ್ತಕ ಆಗುತ್ತೆ, ಇಲ್ಲಾಂದ್ರೆ ಆಸ್ಪತ್ರೆ ಗೋಡೆ ಪೋಸ್ಟರ್ ಆಗುತ್ತೆ. ಮಧ್ಯ ಜಾಗ ಇಲ್ಲಮ್ಮ." ಆಮೇಲೆ ಅವರೇ ಎರಡು ಪ್ರತಿ ತಗೊಂಡರು. ಇನ್ನೊಂದು ಯಾರಿಗೆ ಅಂತ ನಾನು ಕೇಳಲಿಲ್ಲ.

ಯೋಜನೆ ಇಷ್ಟೇ. ತಮ್ಮ ಮೊದಲ ಲೈಂಗಿಕ ಅನುಭವವನ್ನು ಜನ ಹೇಳಬೇಕು. ನಾನು ಹೆಸರು, ಮುಖ ಬಿಟ್ಟು ನಾಲ್ಕೈದು ಪುಟದ ಕಾಮಿಕ್ಸ್ ಮಾಡಬೇಕು. ಒಂದು ನಿಯಮದಲ್ಲಿ ಮಾತ್ರ ರಿಯಾಯಿತಿ ಇಲ್ಲ: ಹೇಳುವಾಗ ಅಲ್ಲ, ಅದು ನಡೆದಾಗಲೇ ಇಬ್ಬರಿಗೂ 18 ದಾಟಿರಬೇಕು. 2012ರ ಪೋಕ್ಸೋ ಕಾಯ್ದೆ ಇದೆ, ಅದು ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. "ಹದಿನೇಳೂವರೆ ಅಷ್ಟೇ ಮೇಡಂ" ಎಂದವರಿಗೂ ಇಲ್ಲ ಎಂದೆ. ಬಂದದ್ದರಲ್ಲಿ ಕಾಲುಭಾಗ ಇಲ್ಲೇ ಹೋಯಿತು.

ಮೊದಲು ಗೂಗಲ್ ಫಾರ್ಮ್ ಹಾಕಿದೆ. ಅದನ್ನು ತಳ್ಳಲು ಮೂರು ಸಾವಿರ ರೂಪಾಯಿ ಜಾಹೀರಾತಿಗೆ ಸುರಿದೆ. ಎರಡು ದಿನಕ್ಕೆ ಜಾಹೀರಾತು ತೆಗೆದುಹಾಕಿದರು, ದುಡ್ಡು ವಾಪಸ್ ಬರಲಿಲ್ಲ. ಬಂದ ಬರಹಗಳಲ್ಲಿ ಎಲ್ಲರ ಕಥೆಯಲ್ಲೂ ಮಳೆ. ಎಲ್ಲರ ಕಿಟಕಿಯಲ್ಲೂ ಮಲ್ಲಿಗೆ ಬಳ್ಳಿ. ಗಂಡಸರು ಬರೆದದ್ದರಲ್ಲಿ ಒಬ್ಬರೂ ತಡವರಿಸಿಲ್ಲ, ಎಲ್ಲರೂ ಮೊದಲ ದಿನವೇ ಪಂಡಿತರು! ಬರೆಯಿರಿ ಎಂದರೆ ಜನ ಸಿನಿಮಾ ಬರೆಯುತ್ತಾರೆ. ಹೋಟೆಲಿನಲ್ಲಿ ಕೂತು ಮಾತಾಡಿಸಿದೆ, ಪಕ್ಕದ ಟೇಬಲ್ಲಿನವರು ಕಾಫಿ ಮುಗಿದರೂ ಏಳಲಿಲ್ಲ. ವಿಡಿಯೋ ಕಾಲ್ ಮಾಡಿದೆ. ಮುಖ ಕಂಡ ಕೂಡಲೇ "ಅಂದ್ರೆ... ಗೊತ್ತಲ್ಲ" ಅನ್ನುವಲ್ಲಿ ಮಾತು ನಿಲ್ಲುತ್ತಿತ್ತು. ನನಗೆ ಗೊತ್ತಿಲ್ಲ ಅಂತ ತಾನೇ ಕೇಳುತ್ತಿರುವುದು?

ವಾಯ್ಸ್ ನೋಟ್ ಕೆಲಸ ಮಾಡಿತು. ರಾತ್ರಿ ಹನ್ನೊಂದರ ಮೇಲೆ, ಟೆರೇಸಿನಿಂದಲೋ ನಿಲ್ಲಿಸಿದ ಕಾರಿನಿಂದಲೋ ಕಳಿಸುತ್ತಿದ್ದರು. ಆದರೆ ನಲವತ್ತು ನಿಮಿಷದ ಮಾತಿನಲ್ಲಿ ಚಿತ್ರಕ್ಕೆ ಸಿಗುವುದು ತೀರಾ ಕಡಿಮೆ. ಭಾವನೆ ಇರುತ್ತದೆ, ಬಾಗಿಲು ಎಲ್ಲಿತ್ತು ಅಂತ ಇರುವುದಿಲ್ಲ. ಅಲ್ಲಿಂದ ನನ್ನ ವಿಧಾನ ಹುಟ್ಟಿತು. ವಾಯ್ಸ್ ನೋಟ್‌ಗಿಂತ ಮುಂಚೆ ಆ ಕೋಣೆಯ ನಕ್ಷೆ ಬರೆದು ಫೋಟೋ ಕಳಿಸಿ ಎಂದೆ. ಬಿಲ್ಲಿನ ಹಿಂಬದಿಯಲ್ಲಿ, ಬಾಲ್‌ಪೆನ್ನಿನಲ್ಲಿ, ಹೇಗಿದ್ದರೂ ಸರಿ. ಮಂಚ ಎಲ್ಲಿ, ಸ್ವಿಚ್ ಎಲ್ಲಿ, ಚಪ್ಪಲಿ ಎಲ್ಲಿ ಬಿಟ್ಟಿರಿ. ಇದಾದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ.

ನಕ್ಷೆ ಬಂದ ಮೇಲೆ ಕಥೆಗಳೇ ಬೇರೆಯಾದವು. ಸಾಫ್ಟ್‌ವೇರ್ ಹುಡುಗಿಯೊಬ್ಬಳು ಮೊದಲು ಬರೆದು ಕಳಿಸಿದ್ದು ಪ್ರೇಮಪತ್ರದಂತಿತ್ತು. ನಕ್ಷೆ ಬರೆಯಿಸಿದಾಗ ಕಾಗದದ ಅರ್ಧಭಾಗ ಲಾಡ್ಜಿನ ರಿಸೆಪ್ಷನ್ನೇ ತುಂಬಿಕೊಂಡಿತ್ತು! ಬೆಂಗಳೂರು ವಿಳಾಸದ ಆಧಾರ್ ನೋಡಿ "ಲೋಕಲ್ ಐಡಿಗೆ ರೂಮ್ ಇಲ್ಲ" ಎಂದು ಎರಡು ಕಡೆ ವಾಪಸ್ ಕಳಿಸಿದ್ದರಂತೆ. ಮೂರನೆಯ ಕಡೆ ರೂಮ್ ಸಿಗುವ ಹೊತ್ತಿಗೆ ಇಬ್ಬರಿಗೂ ತಲೆನೋವು. ಹೋಗಿ ಮೊದಲು ಮಲಗಿ ನಿದ್ದೆ ಮಾಡಿದರು. ಆ ಕಥೆ ಐದು ಪುಟ. ಮೂರು ಪುಟ ಬರೀ ಕೌಂಟರ್‌ಗಳು, ಮಂಚಕ್ಕೆ ಅರ್ಧ ಪುಟ. ಓದಿದವರೆಲ್ಲ ಅದನ್ನೇ ಮೊದಲು ನೆನಪಿಸಿಕೊಳ್ಳುತ್ತಾರೆ.

ಇನ್ನೊಂದು, ಈಗ ಐವತ್ತು ದಾಟಿದ ಮಲೆನಾಡಿನ ಒಬ್ಬರದು. ಇಪ್ಪತ್ಮೂರಕ್ಕೆ ಮದುವೆ, ಪ್ರಸ್ತದ ರಾತ್ರಿ. ಗೋಡೆಯಾಚೆ ಅತ್ತಿಗೆ, ನಾದಿನಿಯರು ನಗುತ್ತಾ ಕೂತಿದ್ದಾರೆ. ಮಂಚ ಅಲ್ಲಾಡಿದರೆ ಕಿರ್ ಅನ್ನುತ್ತದೆ. ಇಬ್ಬರೂ ಸೇರಿ ಹಾಸಿಗೆಯನ್ನು ಸದ್ದಿಲ್ಲದೆ ನೆಲಕ್ಕೆ ಇಳಿಸುವುದರಲ್ಲೇ ಅವರ ಪರಿಚಯವಾಯಿತಂತೆ. ಬೆಳಗಿನಿಂದ ಶಾಸ್ತ್ರ ಅಂತ ಊಟ ಸರಿಯಾಗಿ ಆಗಿರಲಿಲ್ಲ, ಲೋಟದ ಹಾಲು ಪೂರ್ತಿ ಈಕೆಯೇ ಕುಡಿದರು. ಅವತ್ತು ಮತ್ತೇನೂ ಆಗಲಿಲ್ಲ. ಆದದ್ದು ಎರಡು ವಾರದ ಮೇಲೆ, ತವರುಮನೆಯಲ್ಲಿ. "ಅದನ್ನ ಬರೀಬೇಡ ಮಾರಾಯ್ತಿ, ಹಾಸಿಗೆ ಇಳಿಸಿದ್ದು ಬರಿ, ಅದೇ ನಮ್ಮ ಮೊದಲ ಸಲ" ಎಂದರು. ನಾನು ಹಾಗೇ ಮಾಡಿದೆ.

ಮುಂದಿನ ಕಷ್ಟ ಎಲ್ಲರಿಗೂ ಗೊತ್ತಿರುವುದೇ: ಆ ಹೊತ್ತಿನಲ್ಲಿ ಏನು ಬಿಡಿಸುವುದು? ಎಲ್ಲವನ್ನೂ ಬಿಡಿಸಿ ನೋಡಿದೆ. ಬಯಾಲಜಿ ಚಾರ್ಟ್ ಆಯಿತು. ಹೊಟ್ಟೆಪಾಡಿಗೆ ನಾನು ಪಠ್ಯಪುಸ್ತಕಕ್ಕೆ ಚಿತ್ರ ಬಿಡಿಸುವವಳು, ಆ ಕೈ ಸುಲಭಕ್ಕೆ ಹೋಗುವುದಿಲ್ಲ. ಮುಚ್ಚಿ ಬಿಡಿಸಿದೆ. ಹಳೇ ಸಿನಿಮಾದಲ್ಲಿ ಎರಡು ಹೂವು ತಾಗಿಸುತ್ತಾರಲ್ಲ, ಹಾಗಾಯಿತು. ತೋರಿಸಿದವರೆಲ್ಲ ನಕ್ಕರು. ಪ್ರಾಣಿಗಳ ತಲೆ ಹಾಕಿದರೆ ಮಕ್ಕಳ ಪುಸ್ತಕದ ಹಾಗೆ ಕಾಣುತ್ತಿತ್ತು, ಅದಂತೂ ಅಪಾಯ, ಕೂಡಲೇ ಬಿಟ್ಟೆ.

ಇದರ ನಡುವೆ ಸುಮ್ನೆ ಒಂದು ತೊಗಲುಗೊಂಬೆ ಆಟ ನೋಡಲು ಹೋಗಿದ್ದೆ. ನಮ್ಮ ಕಡೆಯ ತೊಗಲುಗೊಂಬೆಗಳಲ್ಲಿ ಅಂತಸ್ತಿಗೆ ತಕ್ಕ ಹಾಗೆ ಅಳತೆ. ರಾಜ, ದೇವರು ದೊಡ್ಡವರು, ಸೇವಕರು ಚಿಕ್ಕವರು. ಮನೆಗೆ ಬಂದು ಅದನ್ನೇ ಪ್ರಯತ್ನಿಸಿದೆ. ಹೇಳುವವರಿಗೆ ಆ ಕ್ಷಣದಲ್ಲಿ ತಾವು ಎಷ್ಟು ದೊಡ್ಡವರು ಅನ್ನಿಸಿತ್ತೋ ಅಷ್ಟು ದೊಡ್ಡದಾಗಿ ಬಿಡಿಸುವುದು. ಲಾಡ್ಜಿನ ಹುಡುಗಿ ಕೌಂಟರ್ ಮುಂದೆ ಪೆನ್ ಸ್ಟ್ಯಾಂಡಿನಷ್ಟು ಎತ್ತರ, ರೂಮಿನ ಬಾಗಿಲು ಹಾಕಿದ ಮೇಲೆ ಇಡೀ ಪುಟ. ಆಕೃತಿಗೆ ಬರೀ ಹೊರಗೆರೆ, ಒಳಗೆ ಗೊಂಬೆಯ ತೂತುಗಳ ಹಾಗೆ ಚುಕ್ಕಿ ವಿನ್ಯಾಸ. ಬಟ್ಟೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಮುಖದ ಗುರುತೂ ಸಿಗುವುದಿಲ್ಲ. 2018ರ ಸೆಪ್ಟೆಂಬರ್ 6ರಂದು 377ನೇ ಕಲಮಿನ ತೀರ್ಪು ಬಂದ ಮೇಲೆ, ಮೂವತ್ತು ದಾಟಿ ಮೊದಲ ಸಲ ಇನ್ನೊಬ್ಬ ಗಂಡಸಿನ ಜೊತೆ ಇದ್ದವರ ಕಥೆಯಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕೂತಿತು. ಅವರು ಕೊನೆಯ ತನಕ ಚಿಕ್ಕದಾಗೇ ಇರಬೇಕೆಂದರು. "ಕೋರ್ಟ್ ಹೇಳಿದ ಮಾತ್ರಕ್ಕೆ ನನ್ನ ಹೆದರಿಕೆ ಹೋಗಿರಲಿಲ್ಲ" ಎಂದರು. ಸರಿ, ಹಾಗೇ ಬಿಟ್ಟೆ. ಚುಕ್ಕಿ ಇಡಲು ಯಾವ ನಿಬ್ ಅಂತ ಬಹಳ ಜನ ಕೇಳುತ್ತಾರೆ. ಅದು ನಿಬ್ ಅಲ್ಲ, ಇಷ್ಟು ಮಾತ್ರ ಹೇಳುತ್ತೇನೆ.

ಕನ್ನಡ ಕಾಮಿಕ್ಸಿನಲ್ಲಿ ಅಕ್ಷರದ ಗೋಳು ಬೇರೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲ ದೊಡ್ಡಕ್ಷರ, ಸಾಲಿಗೆ ಸಾಲು ಅಂಟಿಸಿದರೂ ನಡೆಯುತ್ತದೆ. ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಗುದ್ದುತ್ತದೆ. ಸಾಲಿನ ಅಂತರ ಹೆಚ್ಚಿಸಿದರೆ ಮಾತಿನ ಬಲೂನ್ ಅರ್ಧ ಪ್ಯಾನೆಲ್ (ಚಿತ್ರದ ಚೌಕ) ತಿನ್ನುತ್ತದೆ. ಫಾಂಟ್ ಬಿಟ್ಟು ಕೈಯಲ್ಲೇ ಬರೆದೆ, ಒತ್ತನ್ನು ಪಕ್ಕಕ್ಕೆ ಸ್ವಲ್ಪ ಸರಿಸಿ ಬರೆದರೆ ಜಾಗ ಉಳಿಯುತ್ತದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಪಿಸುಮಾತನ್ನು ಪಿಸುಮಾತಿನ ಹಾಗೆ ಬರೆಯಬಹುದು.

ಗುರುತು ಮುಚ್ಚುವುದರಲ್ಲಿ ದೊಡ್ಡ ತಲೆನೋವು ಆಡುಮಾತು. ಧಾರವಾಡದ ಕಡೆಯವರ "ಹೆದರಬ್ಯಾಡ, ನಾ ಏನೂ ಮಾಡಂಗಿಲ್ಲ" ಅನ್ನುವುದನ್ನು ಬೆಂಗಳೂರು ಕನ್ನಡಕ್ಕೆ ತಿರುಗಿಸಿದೆ, ಆ ಮನುಷ್ಯನೇ ಸತ್ತುಹೋದ. ಕೊನೆಗೆ ಮಾತು ಉಳಿಸಿ ಊರು, ಕೆಲಸ, ವರ್ಷ ಬದಲಾಯಿಸಿದೆ. ಊರು ಬದಲಿಸುವಾಗ ಅದೇ ಸೀಮೆಯೊಳಗೆ ಬದಲಿಸಬೇಕು, ಹುಬ್ಬಳ್ಳಿಯನ್ನು ಗದಗ ಮಾಡಬಹುದು, ಮಂಗಳೂರು ಮಾಡಲಾಗದು.

ಎರಡು ಕಥೆ ಕೇಳುತ್ತಾ ಕೇಳುತ್ತಾ, ಅಲ್ಲಿ ಒಪ್ಪಿಗೆಯೇ ಇರಲಿಲ್ಲ ಎಂದು ಹೇಳುವವರಿಗೇ ಅರ್ಥವಾಗತೊಡಗಿತು. ಅದನ್ನು ಕಾಮಿಕ್ಸಿಗೆ ತಗೊಳ್ಳಲಿಲ್ಲ. ಟೆಲಿ-ಮಾನಸ್‌ನ 14416 ನಂಬರ್ ಕೊಟ್ಟೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಒಬ್ಬರಿಗೆ ಗುರುತಿನ ಕೌನ್ಸೆಲರ್ ಹತ್ತಿರ ಸಮಯ ಮಾಡಿಸಿಕೊಟ್ಟೆ. ಇಂಥ ಕೆಲಸಕ್ಕೆ ಇಳಿಯುವವರು ಈ ನಂಬರನ್ನು ಮೊದಲೇ ಕೈಯಲ್ಲಿ ಇಟ್ಟುಕೊಳ್ಳಿ.

ಪೆನ್ಸಿಲ್ ಆದ ಮೇಲೆ ಪುಟಗಳನ್ನು ಹೇಳಿದವರಿಗೆ ತೋರಿಸುವುದು, ಅವರು ಬೇಡ ಎಂದರೆ ಬೇಡ. ಇಂಕ್ ಮಾಡುವ ಮುಂಚೆಯೇ ತೋರಿಸಬೇಕು, ಇಲ್ಲದಿದ್ದರೆ ನಮಗೇ ಬಿಡಲು ಮನಸ್ಸು ಬರುವುದಿಲ್ಲ. ಒಬ್ಬರು ಹಿಂದೆ ಸರಿದರು. ನಾಲ್ಕು ಪುಟ ಖಾಲಿ. ಮಡಿಸಿ ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕಲ್ಲ, ತೆಗೆದುಬಿಡಬಹುದಿತ್ತು. ಆದರೆ ಪ್ರೆಸ್‌ನವರಿಗೆ 48 ಪುಟ ಎಂದು ಹೇಳಿಯಾಗಿತ್ತು. ಆ ಜಾಗಕ್ಕೆ ಉಳಿದ ಎಲ್ಲರ ಕೋಣೆ ನಕ್ಷೆಗಳನ್ನು ಅವರದೇ ಗೆರೆಯಲ್ಲಿ ಹಾಕಿದೆ. ನನ್ನ ಚಿತ್ರಗಳಿಗಿಂತ ಆ ಪುಟಗಳನ್ನೇ ಜನ ಹೆಚ್ಚು ಹೊಗಳಿದರು, ಏನು ಮಾಡುವುದು!

ಕಾನೂನು. ವಕೀಲರಿಗೆ ಆರು ಸಾವಿರ ಕೊಟ್ಟು ಇಡೀ ಪುಸ್ತಕ ಓದಿಸಿದೆ. ಅಶ್ಲೀಲ ಪುಸ್ತಕದ ಕಲಮು ಹಿಂದೆ ಐಪಿಸಿ 292 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294. ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಬಿಡಿ ಭಾಗ ನೋಡಿಯೇ ಅಶ್ಲೀಲ ಎನ್ನುವ ಹಳೇ ಹಿಕ್ಲಿನ್ ಪರೀಕ್ಷೆ ಕೈಬಿಟ್ಟು, ಚಿತ್ರವನ್ನು ಅದರ ಸಂದರ್ಭದಲ್ಲಿಟ್ಟು ಇಂದಿನ ಸಮಾಜದ ಅಳತೆಯಲ್ಲಿ ನೋಡಬೇಕು ಎಂದಿದೆ. ನಮ್ಮ ಗೊಂಬೆಗಳಿಗೆ ತೊಂದರೆ ಇಲ್ಲ ಎಂದರು ವಕೀಲರು. ಆದರೆ ಪಿಡಿಎಫ್ ಬೇಡವೇ ಬೇಡ ಎಂದರು. ಲೈಂಗಿಕ ದೃಶ್ಯಗಳನ್ನು ಆನ್‌ಲೈನ್ ಹಂಚುವುದರ ಮೇಲಿನ ಐಟಿ ಕಾಯ್ದೆಯ 67ಎ ಮೊದಲ ಸಲಕ್ಕೇ ಐದು ವರ್ಷ ಜೈಲು, ಹತ್ತು ಲಕ್ಷ ದಂಡದ ತನಕ ಹೋಗುತ್ತದೆ. "ಅದರಲ್ಲಿ ಇದು ಬರಲ್ಲ ಅಂತ ವಾದಿಸೋಕೆ ನನ್ನ ಫೀಸು ಆರು ಸಾವಿರ ಅಲ್ಲ" ಎಂದು ನಕ್ಕರು. ಹಾಗಾಗಿ ಕಾಗದದ ಪುಸ್ತಕ ಮಾತ್ರ. ಪಿಡಿಎಫ್ ಕೇಳಬೇಡಿ.

ಎರಡು ಪ್ರೆಸ್‌ನವರು ಕೈಮುಗಿದರು. "ಮೇಡಂ, ಬೈಂಡಿಂಗ್‌ನಲ್ಲಿ ಹೆಣ್ಮಕ್ಕಳು ಕೆಲಸ ಮಾಡ್ತಾರೆ." ಮೂರನೆಯ ಕಡೆ ಬೈಂಡಿಂಗ್ ನೋಡಿಕೊಳ್ಳುವ ಹೆಂಗಸೇ ಪ್ರೂಫ್ ಓದಿ ಹಾಸಿಗೆ ಇಳಿಸುವ ಪುಟಕ್ಕೆ ಬಿದ್ದುಬಿದ್ದು ನಕ್ಕರು, ಮಾಲೀಕರು ಒಪ್ಪಿದರು. ಅದಕ್ಕೂ ಮೊದಲು ರಿಸೋಗ್ರಾಫ್ ಎಂಬ ಮುದ್ರಣ ಯಂತ್ರದಲ್ಲಿ ಎರಡು ಬಣ್ಣ ಪ್ರಯತ್ನಿಸಿದ್ದೆ. ಫ್ಲೋರೊಸೆಂಟ್ ಪಿಂಕ್ ಮತ್ತು ನೀಲಿ. ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರದೆ ಜಾರುವುದು ರಿಸೋದ ಗುಣ, ಅದೇ ಚಂದ ಅಂತಾರೆ. ನನ್ನ ಚುಕ್ಕಿಗಳು ಮಾತ್ರ ದಡಾರದ ಹಾಗೆ ಕಂಡವು. ಏಳು ಸಾವಿರ ಹೋಯಿತು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಎ5, 48 ಪುಟ, ಒಳಗೆ 100 ಜಿಎಸ್ಎಂ ಮ್ಯಾಪ್ಲಿಥೋ ಕಾಗದ, ಕಪ್ಪು ಒಂದೇ ಬಣ್ಣ, 500 ಪ್ರತಿಗೆ ಸುಮಾರು 24 ಸಾವಿರ. ಕಥೆ ಹೇಳಿದವರಿಗೆ ತಲಾ ಒಂದು ಸಾವಿರ, ಹಿಂದೆ ಸರಿದವರಿಗೂ ಕೊಟ್ಟೆ, ಹನ್ನೊಂದು ಸಾವಿರದ ಹತ್ತಿರ. ವಕೀಲರು, ಜಾಹೀರಾತು, ರಿಸೋ ಮೇಲೆ ಹೇಳಿದೆ. ಇಂಡೀ ಕಾಮಿಕ್ಸ್ ಫೆಸ್ಟ್‌ಗೆ ಟೇಬಲ್, ಓಡಾಟ, ಬೇರೆಡೆ ಮಳಿಗೆ, ಕಂದು ಕವರ್ ಎಲ್ಲ ಸೇರಿ ಏಳೆಂಟು ಸಾವಿರ. ಬೆಲೆ 180 ರೂಪಾಯಿ. ಅಂಗಡಿಗಳು ಶೇ 40 ಹಿಡಿಯುತ್ತವೆ, ಅಲ್ಲಿ ಹೋದದ್ದು ನೂರೈವತ್ತು. ಉಚಿತವಾಗಿ ಕೊಟ್ಟದ್ದು ನಲವತ್ತು. ಎಲ್ಲ ಕಳೆದು ಉಳಿದದ್ದು ಹನ್ನೆರಡೋ ಹದಿಮೂರೋ ಸಾವಿರ, ಒಂದೂವರೆ ವರ್ಷದ ಕೂಲಿ. ನಷ್ಟವಂತೂ ಇಲ್ಲ, ಇಲ್ಲಿಯ ತನಕ ನಾನು ಮಾಡಿದ ಯಾವ ಪುಸ್ತಕದ ಬಗ್ಗೆಯೂ ಈ ಮಾತು ಹೇಳಿರಲಿಲ್ಲ.

ಎರಡನೆಯ ಪುಸ್ತಕಕ್ಕೆ ಮರುಮದುವೆಯಾದವರ ಕಥೆಗಳನ್ನು ಸೇರಿಸುತ್ತಿದ್ದೇನೆ, ಅಂದರೆ ಎರಡನೇ ಮೊದಲ ಸಲ. ನಕ್ಷೆಗಳು ಬರತೊಡಗಿವೆ, ಒಂದರಲ್ಲಿ ಮಂಚದ ಪಕ್ಕ ಮಗಳ ಸ್ಕೂಲ್ ಬ್ಯಾಗ್ ಇದೆ. ಈ ಸಲ 64 ಪುಟ, ಬೆಲೆ 220 ಇಡೋಣ ಅಂತಿದ್ದೇನೆ. ಜಾಸ್ತಿ ಆಯಿತು ಅನ್ನಿಸಿದರೆ ಈಗಲೇ ಹೇಳಿ, ಕಾಗದಕ್ಕೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ.