ಸತ್ತ ಕಲಮಿನ ಮೇಲೆ ಕೇಸು

2018ರ ಮಳೆಗಾಲ. ಗೂಡ್ಸ್ ಆಟೋ ಓಡಿಸುವ ಹುಡುಗನೊಬ್ಬ ತಾಯಿಯ ಜೊತೆ ನನ್ನ ವಕೀಲಿ ಆಫೀಸಿಗೆ ಬಂದ. ಊರಿನ ರಸ್ತೆ ಗುಂಡಿಯ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ಜನಪ್ರತಿನಿಧಿಯೊಬ್ಬರ ಬಗ್ಗೆ ನಾಲ್ಕು ಖಾರದ ಮಾತು ಬರೆದಿದ್ದ. ಕೇಸಾಗಿತ್ತು, ಮೊಬೈಲ್ ಜಪ್ತಿಯಾಗಿತ್ತು. "ಜೈಲಿಗೆ ಹಾಕ್ತಾರಾ ಮೇಡಂ?" ಅಂತ ತಾಯಿ ಮತ್ತೆ ಮತ್ತೆ ಕೇಳುತ್ತಿದ್ದರು.

ಎಫ್‌ಐಆರ್ ನೋಡಿದೆ. ಐಟಿ ಕಾಯ್ದೆಯ ಕಲಂ 66ಎ, ಜೊತೆಗೆ ಐಪಿಸಿ 504, ಅಂದರೆ ಶಾಂತಿ ಕದಡುವಂತೆ ಬೇಕೆಂದೇ ಅವಮಾನಿಸುವುದು. ಸಿಟ್ಟು ಬಂತು. 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ಪೂರ್ತಿ ರದ್ದು ಮಾಡಿತ್ತು. 'ಕಿರಿಕಿರಿ', 'ಅನಾನುಕೂಲ' ಎಂಬಂಥ ಪದ ಇಟ್ಟುಕೊಂಡು 3 ವರ್ಷದವರೆಗೆ ಜೈಲು ಹೇಳುತ್ತಿದ್ದ ಕಲಂ ಅದು. ಯಾವುದು ಕಿರಿಕಿರಿ ಅಂತ ಕಾಯ್ದೆಯಲ್ಲೇ ಇರಲಿಲ್ಲ.

ಠಾಣೆಗೆ ಹೋದೆ. ತನಿಖಾಧಿಕಾರಿ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲಪಾಠದ ಪುಸ್ತಕ, ತೆಗೆದು, "ಇಲ್ಲೇ ಇದೆಯಲ್ಲ ಮೇಡಂ" ಅಂದರು. ನಿಜ, ಇತ್ತು. ರದ್ದಾದ ಕಲಂ ಕೂಡ ಪುಸ್ತಕದಲ್ಲಿ ಹಾಗೇ ಅಚ್ಚಾಗಿರುತ್ತದೆ. ರದ್ದಾದ ಸಂಗತಿ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಬಾಯಿಮಾತಿಗೆ ಬಿಟ್ಟು ಬರಲಿಲ್ಲ. ತೀರ್ಪಿನ ಪ್ರತಿ ಸೇರಿಸಿ ಮನವಿ ಕೊಟ್ಟು, ಸೀಲು ಹಾಕಿಸಿ ಸ್ವೀಕೃತಿ ಪಡೆದೆ. ಅದರಲ್ಲಿದ್ದ ವಾದ ಇಷ್ಟೇ: 66ಎ ಹೋದರೆ ಉಳಿಯುವುದು 504 ಒಂದೇ. ಅದು ಅಸಂಜ್ಞೇಯ, ಠಾಣೆಯ ಮಾತಲ್ಲಿ ಎನ್‌ಸಿ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆಯನ್ನೇ ಮಾಡುವಂತಿಲ್ಲ ಅನ್ನುತ್ತಿತ್ತು ಆಗಿನ ದಂಡ ಪ್ರಕ್ರಿಯಾ ಸಂಹಿತೆ, ಸಿಆರ್‌ಪಿಸಿ 155(2). ಎಫ್‌ಐಆರ್ ರದ್ದುಮಾಡಿಸಲು ಹೈಕೋರ್ಟಿಗೂ ಹೋಗಬಹುದಿತ್ತು. ಆಟೋ ಸಾಲದ ಕಂತು ಕಟ್ಟುವವನು ಆ ಖರ್ಚಿಗೆ ಎಲ್ಲಿ ಹೋಗಬೇಕು?

ಮೊಬೈಲ್ ಬಿಡಿಸಲು ಕೋರ್ಟಿಗೆ ಬೇರೆ ಅರ್ಜಿ ಹಾಕಿದೆ. ಅವನಿಗೆ ಬಾಡಿಗೆ ಬರುತ್ತಿದ್ದುದೇ ಆ ನಂಬರಿಗೆ. ನನ್ನ ಪ್ರಕಾರ ಶಿಕ್ಷೆ ಅಲ್ಲೇ ಶುರುವಾಗಿತ್ತು, ವಿಚಾರಣೆಗೂ ಮೊದಲೇ.

ಎರಡು ತಿಂಗಳಿಗೆ ಬಿ ರಿಪೋರ್ಟ್ ಆಯಿತು, ಅಂದರೆ ಕೇಸು ಮುಚ್ಚಬಹುದು ಅಂತ ಪೊಲೀಸರೇ ಕೋರ್ಟಿಗೆ ವರದಿ ಕೊಟ್ಟರು. ಆದರೆ ಇಂಥ ಕೇಸುಗಳು ದೇಶದಲ್ಲಿ ನಿಲ್ಲಲಿಲ್ಲ. 66ಎ ಅಡಿ ಯಾರ ಮೇಲೂ ಕೇಸು ನಡೆಸಕೂಡದು ಅಂತ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು. ಏಳು ವರ್ಷ ಆದಮೇಲೆ!

ಈಗಲೂ ಪೋಸ್ಟ್ ಹಾಕಿದವರಿಗೆ ಠಾಣೆಯಿಂದ ಫೋನ್ ಬರುತ್ತದೆ, "ಸುಮ್ನೆ ಬಂದು ಹೋಗಿ". ಲಿಖಿತ ನೋಟಿಸ್ ಕೇಳಿ ಅನ್ನುತ್ತೇನೆ. ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಕಲಂ 35ರಡಿ ಹಾಜರಾಗಲು ಕೊಡುವ ನೋಟಿಸನ್ನು ವಾಟ್ಸಾಪಲ್ಲಿ ಕಳಿಸಿದರೆ ನಡೆಯಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸರಿಯಾದ ನೋಟಿಸ್ ಕೈಗೆ ಬಂತೋ, ತಪ್ಪಿಸಬೇಡಿ. ವಕೀಲರನ್ನು ಕರೆದುಕೊಂಡು ಹೋಗಿ.

ಆ ಹುಡುಗ ಮೊಬೈಲ್ ಕೈಗೆ ಬಂದ ದಿನ, ಕೋರ್ಟ್ ಮೆಟ್ಟಿಲ ಮೇಲೇ ಕೂತು ಊರಿನ ಗ್ರೂಪಿನಿಂದ ಹೊರಬಂದ. "ನಿನ್ನದೇನೂ ತಪ್ಪಿರಲಿಲ್ಲಪ್ಪ" ಅಂದೆ. "ಗೊತ್ತು ಮೇಡಂ, ಆದ್ರೂ ಬೇಡ" ಅಂದ. ತಾಯಿ ತಲೆಯಾಡಿಸಿದರು. ಅವರಿಗೆ ಹೇಳಲು ನನ್ನ ಹತ್ತಿರ ಯಾವ ಕಲಮೂ ಇರಲಿಲ್ಲ.